ಒಂದು ಡಬ್ಬಿ ಓವಲ್ಟಿನ್ ಸಂಬಳ

ಪ್ರೀತಿಯ ಮಕ್ಕಳೇ,

ಈ ತಿಂಗಳ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ.

ನಮ್ಮ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ನಿಮ್ಮಲ್ಲಿ ಬಹಳಷ್ಟು ಮಂದಿ ಬಂದಿದ್ದಿರಿ. ಅಂದು ನಿರೂಪಣೆಗೆ ನಿಂತವಳು ನಿಮ್ಮದೇ ಓರಗೆಯ ಹುಡುಗಿ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಹುಟ್ಟಿದ್ದು ಮುಂಬಯಿ, ಬೆಳೆದದ್ದು ಮುಂಬಯಿ. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಡಲು ಹೋದರೆ ಹಿಂದಿ ಮರಾಠಿ, ಅಜ್ಜಿ ಇರುವಷ್ಟು ದಿನ ಮನೆಯಲ್ಲಿ ಕನ್ನಡ. ಕನ್ನಡ ಅಕ್ಷರ ಓದಲು ಇನ್ನೂ ಸರಾಗವಾಗಿ ಬಾರದೆಂದು ಹೇಳಬೇಕಾದದ್ದನ್ನೆಲ್ಲ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದಳು. "ಕಾರ್ಯಕ್ರಮಕ್ಕೆ ಕಳೆ ತಂದ ಅತಿಥಿಗಳಿಗೆ ವಂದನೆಗಳು" ಎನ್ನಬೇಕಾದ ಕಡೆ "ಕಾರ್ಯಕ್ರಮಕ್ಕೆ ಕಲೆ ತಂದ ಅತಿಥಿಗಳಿಗೆ" ಎಂದುಬಿಟ್ಟಳು. ಇಂಗ್ಲಿಷ್ ಲಿಪಿಯಲ್ಲಿ ಎರಡೂ ಒಂದೇ ತಾನೇ? ಪಾಪ, ಅತಿಥಿಗಳೊಬ್ಬರು ತಮ್ಮ ಬಿಳಿ ಜುಬ್ಬಾ ಕಡೆ ಒಮ್ಮೆ ನೋಡಿಕೊಂಡರು. ಮುಂದಿನ ಸಾಲು ಘೊಳ್ಳೆಂದು ನಕ್ಕಿತು. ಹುಡುಗಿ ಕೆಂಪಗಾದಳು, ಉಳಿದದ್ದನ್ನು ರೈಲು ತಪ್ಪುವವರ ಹಾಗೆ ಓದಿ ಮುಗಿಸಿ ಒಳಗೆ ಹೋದಳು.

ಆ ಮುಂದಿನ ಸಾಲಿನಲ್ಲಿ ನಾನೂ ಕೂತಿದ್ದೆ. ಆ ನಗುವಿನಲ್ಲಿ ನನ್ನದೂ ಪಾಲಿತ್ತು.

ಮೂರು ದಿನಗಳ ಮೇಲೆ ಅವಳ ತಾಯಿ ಫೋನು ಮಾಡಿದರು. "ಅಕ್ಕಾರ, ಮುಂದಿನ ಸರ್ತೆ ಬ್ಯಾರೇದವ್ರನ್ನ ನೋಡ್ರಿ. ನಮ್ಮಾಕಿ ಇನ್ನ ಮೈಕ್ ಮುಂದ ನಿಲ್ಲಂಗಿಲ್ಲ ಅಂತ ಹಟಾ ಹಿಡದಾಳ. ಮನ್ಯಾಗೂ ಇಂಗ್ಲಿಷ್‌ನಾಗ ಮಾತಾಡ್ಲಿಕ್ಕೆ ಹತ್ತ್ಯಾಳ." ಕಡೆಯ ಮಾತು ನನ್ನನ್ನು ಚುಚ್ಚಿತು. ಒಂದು ಕ್ಷಣದ ನಗುವಿಗೆ ಒಂದು ಮನೆಯ ಕನ್ನಡವೇ ಬೆಲೆಯಾಗಿ ಹೋಯಿತಲ್ಲ!

ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಗ ನೆನಪಾದದ್ದು ಒಬ್ಬ ಮನುಷ್ಯನ ದನಿ. ಉಚ್ಚಾರ ಸರಿಯಿಲ್ಲವೆಂದು ರೇಡಿಯೋದವರೇ ಹಿಂದಕ್ಕೆ ಕಳಿಸಿದ್ದ ಹುಡುಗನ ದನಿ. ಮುಂದೆ ಅದೇ ದನಿಯನ್ನು ಕೇಳಲು ದೇಶಕ್ಕೆ ದೇಶವೇ ಬುಧವಾರ ರಾತ್ರಿ ಎಂಟು ಗಂಟೆಗೆ ಕೆಲಸ ಬಿಟ್ಟು ಕೂರುತ್ತಿತ್ತು. ಅವರು ಅಮೀನ್ ಸಯಾನಿ. ನಮ್ಮದೇ ಮುಂಬಯಿಯವರು. 2024ರ ಫೆಬ್ರವರಿ 20ರಂದು, 91ನೆಯ ವಯಸ್ಸಿನಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಆ ದಿನ ಧಾರವಾಡದಿಂದ ಅಣ್ಣ ಫೋನು ಮಾಡಿ, "ಕೇಳಿದೇನವಾ? ಅಮೀನ್ ಸಯಾನಿ ಹೋದ್ರಂತ" ಎಂದವನು ಮುಂದೆ ಮಾತಾಡಲಿಲ್ಲ. ಮನೆಯ ಹಿರಿಯರೊಬ್ಬರು ಹೋದಂತೆ ಇಬ್ಬರೂ ಸುಮ್ಮನಿದ್ದೆವು.

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಕಂಡರಿಯದ ಒಬ್ಬರಿಗಾಗಿ ಇಷ್ಟು ದುಃಖವೇ? ನಮ್ಮ ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಬುಧವಾರ ಸಂಜೆಯಾದರೆ ಅಣ್ಣ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಆ ಕಡೆ ಈ ಕಡೆ ತಿರುಗಿಸಿ, ರೇಡಿಯೋ ಸಿಲೋನ್ ಹಿಡಿಯುತ್ತಿದ್ದ. ಶಾರ್ಟ್‌ವೇವ್‌ನ ಸ್ವಭಾವವೇ ಹಾಗೆ. ದನಿ ಸಮುದ್ರದ ಅಲೆಯಂತೆ ಒಮ್ಮೆ ಉಕ್ಕಿ ಬರುತ್ತದೆ, ಒಮ್ಮೆ ಹಿಂದೆ ಸರಿದು ಬರೀ ಗರಗರ ಉಳಿಯುತ್ತದೆ. ಆ ಗರಗರದ ನಡುವೆ "ಬೆಹನೋ ಔರ್ ಭಾಯಿಯೋ" ಎಂದು ಕೇಳಿತೆಂದರೆ ಮನೆಯೆಲ್ಲ ಗಪ್‌ಚಿಪ್. ಅಣ್ಣ ನೋಟ್‌ಬುಕ್ಕಿನಲ್ಲಿ ಯಾವ ಹಾಡು ಯಾವ ಪಾಯ್ದಾನಿನ ಮೇಲೆ, ಅಂದರೆ ಎಷ್ಟನೆಯ ಮೆಟ್ಟಿಲ ಮೇಲೆ ಇದೆ ಎಂದು ಬರೆಯುತ್ತಿದ್ದ. ಅವ್ವನಿಗೆ ಸಿಟ್ಟು. "ಬುಧವಾರ ಬಂತಂದ್ರ ಈ ಮನ್ಯಾಗ ಅನ್ನ ಆರೋದು ಖಾಯಂ ನೋಡು" ಎಂದು ಗೊಣಗುತ್ತಲೇ ತಾನೂ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಅವಳಿಗೆ ಹಿಂದಿ ಅರ್ಧಂಬರ್ಧ. ಆದರೂ ಆ ಮನುಷ್ಯ ಹೇಳಿದ್ದೆಲ್ಲ ತಿಳಿಯುತ್ತದೆ ಎನ್ನುತ್ತಿದ್ದಳು. ಅದೇಕೆ ತಿಳಿಯುತ್ತಿತ್ತು ಎನ್ನುವುದೇ ಇವತ್ತಿನ ಕಥೆ.

ಅಮೀನ್ ಸಯಾನಿ ಹುಟ್ಟಿದ್ದು 1932ರ ಡಿಸೆಂಬರ್ 21ರಂದು, ಮುಂಬಯಿಯಲ್ಲಿ. ಮನೆಮಾತು ಗುಜರಾತಿ. ಮೊದಲು ಇಲ್ಲಿಯ ನ್ಯೂ ಎರಾ ಶಾಲೆ, ಆಮೇಲೆ ಗ್ವಾಲಿಯರಿನ ಸಿಂಧಿಯಾ ಶಾಲೆ, ಮತ್ತೆ ಮುಂಬಯಿಗೆ ಬಂದು ಧೋಬಿ ತಲಾವಿನ ಸೇಂಟ್ ಝೇವಿಯರ್ಸ್ ಕಾಲೇಜು. ಅಣ್ಣ ಹಮೀದ್ ಸಯಾನಿ ಇಂಗ್ಲಿಷ್ ಪ್ರಸಾರದಲ್ಲಿ ಹೆಸರಾದವರು. ಅವರೇ ತಮ್ಮನನ್ನು ಚಿಕ್ಕ ವಯಸ್ಸಿನಲ್ಲಿ ಮುಂಬಯಿ ಆಕಾಶವಾಣಿಗೆ ಕರೆದುಕೊಂಡು ಹೋದರು. ಹತ್ತು ವರ್ಷಗಳ ಕಾಲ ಹುಡುಗ ಅಲ್ಲಿ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ. ನೀವು ಗಮನಿಸಿದಿರಾ? ಇಂಗ್ಲಿಷ್! ಹಿಂದಿಯ ದನಿಯೆಂದೇ ಹೆಸರಾದವರು ಶುರು ಮಾಡಿದ್ದು ಇಂಗ್ಲಿಷಿನಿಂದ, ಮನೆಯಲ್ಲಿ ಆಡುತ್ತಿದ್ದದ್ದು ಗುಜರಾತಿ. ನಿಮ್ಮ ನಾಲಿಗೆಯ ಮೇಲಿರುವ ಕಲಸುಮೇಲೋಗರವೇ ಅವರ ನಾಲಿಗೆಯ ಮೇಲೂ ಇತ್ತು.

ಆದರೆ ಅವರಿಗೆ ಮನೆಯಲ್ಲಿಯೇ ಒಂದು ಪಾಠಶಾಲೆ ಇತ್ತು. ಅವರ ತಾಯಿ ಕುಲ್ಸುಂ ಸಯಾನಿ ದೊಡ್ಡವರಿಗೆ ಅಕ್ಷರ ಕಲಿಸುವುದಕ್ಕೆ ಜೀವ ತೇಯ್ದವರು. ಈ ಮುಂಬಯಿಯ ಓಣಿಗಳಲ್ಲಿ ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸಿದವರು. ಹೊಸದಾಗಿ ಅಕ್ಷರ ಕಲಿತವರಿಗೆ ಓದಲು ಏನಾದರೂ ಬೇಡವೇ? ಅದಕ್ಕಾಗಿ ಗಾಂಧೀಜಿಯವರ ಸೂಚನೆಯಂತೆ 'ರಹಬರ್' ಎಂಬ ಪಾಕ್ಷಿಕ ನಡೆಸಿದರು. ಹೆಸರಿನ ಅರ್ಥ ದಾರಿ ತೋರುವವನು. 1940ರಿಂದ 1960ರವರೆಗೆ, ಇಪ್ಪತ್ತು ವರ್ಷ ಅದು ನಡೆಯಿತು. ವಿಶೇಷವೇನೆಂದರೆ ಅದು ದೇವನಾಗರಿ, ಉರ್ದು, ಗುಜರಾತಿ ಹೀಗೆ ಮೂರು ಲಿಪಿಗಳಲ್ಲಿ ಏಕಕಾಲಕ್ಕೆ ಬರುತ್ತಿತ್ತು. ಲಿಪಿ ಮೂರಾದರೂ ಒಳಗಿನ ಭಾಷೆ ಮಾತ್ರ ಒಂದೇ. ಬೀದಿಯಲ್ಲಿ ಜನ ಆಡುವ ಸರಳ ಹಿಂದೂಸ್ತಾನಿ. ಬಾಲಕ ಅಮೀನ್ ತಾಯಿಗೆ ಈ ಪತ್ರಿಕೆ ಸಿದ್ಧಮಾಡಲು, ಅಚ್ಚು ಹಾಕಿಸಲು ಸಹಾಯ ಮಾಡುತ್ತ ಬೆಳೆದರು.

ಇದನ್ನು ಬರೆಯುವಾಗ ನನಗೆ ನಮ್ಮ ಹುಡುಗಿಯ ಇಂಗ್ಲಿಷ್ ಲಿಪಿಯ ಚೀಟಿ ನೆನಪಾಯಿತು. ಕನ್ನಡವನ್ನು ಕನ್ನಡ ಅಕ್ಷರದಲ್ಲಿ ಓದಲು ಕಲಿಯಲೇಬೇಕು, ಅದರಲ್ಲಿ ನನ್ನ ಪಟ್ಟು ಸಡಿಲವಾಗದು. ಕಲಿತರೆ ಕಳೆಯೂ ಕಲೆಯೂ ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಕಲಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಶಾಸ್ತ್ರ ಹೇಳುತ್ತದೆ? ಒಂದೇ ಮಾತನ್ನು ಮೂರು ಬಟ್ಟೆ ತೊಡಿಸಿ ಮೂರು ಬಗೆಯ ಜನರ ಮನೆಗೆ ಕಳಿಸಿದ ಆ ತಾಯಿ ಇದ್ದಿದ್ದರೆ ಹುಡುಗಿಯ ಬೆನ್ನು ತಟ್ಟುತ್ತಿದ್ದರೇ ಹೊರತು ನಗುತ್ತಿರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಅಮೀನರಿಗೆ ಹಿಂದಿಯಲ್ಲೂ ಪ್ರಸಾರ ಮಾಡಬೇಕೆಂಬ ಆಸೆ ಹುಟ್ಟಿತು. ಆಕಾಶವಾಣಿಯ ಧ್ವನಿಪರೀಕ್ಷೆಗೆ ಹೋದರು. ಓದುವುದೇನೋ ಚೆನ್ನಾಗಿದೆ, ಆದರೆ ಉಚ್ಚಾರದಲ್ಲಿ ಗುಜರಾತಿ ಮತ್ತು ಇಂಗ್ಲಿಷಿನ ಬೆರಕೆ ಬಹಳ ಎಂದು ಅವರನ್ನು ಬೇಡವೆಂದರು. ಈ ಕಥೆಯನ್ನು ಮುಂದೆ ಸಯಾನಿಯವರೇ ನಗುತ್ತ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆದರೆ ಅಂದು ನಗು ಬಂದಿರಲಾರದು. ಹತ್ತು ವರ್ಷ ಓಡಾಡಿದ ಮನೆಯ ಬಾಗಿಲಲ್ಲೇ ನಿನ್ನ ನಾಲಿಗೆ ಸರಿಯಿಲ್ಲ ಎಂದರೆ ಹೇಗಿದ್ದೀತು!

ಸೋತ ಮುಖ ಹೊತ್ತು ಅಣ್ಣನ ಹತ್ತಿರ ಹೋದರು. ಹಮೀದ್ ಅವರು ಕನಿಕರದ ಮಾತಾಡುತ್ತ ಕೂರಲಿಲ್ಲ. ರೇಡಿಯೋ ಸಿಲೋನಿನ ಹಿಂದಿ ಕಾರ್ಯಕ್ರಮಗಳನ್ನು ಕೇಳು, ಹೇಗೆ ಮಾತಾಡುತ್ತಾರೆ ನೋಡಿ ಕಲಿ ಎಂದು ಕೆಲಸ ಹಚ್ಚಿದರು.

ಇಲ್ಲಿ ರೇಡಿಯೋ ಸಿಲೋನ್ ಎಂದರೇನೆಂದು ಎರಡು ಮಾತು ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಏಷ್ಯಾದ ಈ ಭಾಗದಲ್ಲಿದ್ದ ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಒಂದು ಬಲವಾದ ಶಾರ್ಟ್‌ವೇವ್ ಪ್ರಸಾರಯಂತ್ರ ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ಅದು ಆ ದೇಶದ ಕೈಗೆ ಬಂತು. ಅವರು ಅದರಲ್ಲಿ ಜಾಹೀರಾತಿನ ಪ್ರಸಾರ ಶುರು ಮಾಡಿದರು. ಇತ್ತ ನಮ್ಮಲ್ಲಿ 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದರು. ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಪ್ರೀತಿಯೋ ಸಿನಿಮಾ ಹಾಡಿನ ಮೇಲೆ ಅಷ್ಟೇ ಮುನಿಸು. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಅಪರೂಪವಾಯಿತು. ಹಸಿದವನು ನೆರೆಮನೆಯ ಒಗ್ಗರಣೆಯ ವಾಸನೆಗೆ ತಿರುಗಿ ನೋಡದೆ ಇರುತ್ತಾನೆಯೇ? ದೇಶದ ರೇಡಿಯೋಗಳೆಲ್ಲ ಸಿಲೋನಿನ ಕಡೆ ತಿರುಗಿದವು. ಪ್ರಸಾರ ಅಲ್ಲಿಂದಾದರೂ ಎಷ್ಟೋ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ನಮ್ಮ ಮುಂಬಯಿಯಲ್ಲಿ. ಇಲ್ಲಿ ಧ್ವನಿಮುದ್ರಿಸಿದ ಟೇಪನ್ನು ವಿಮಾನದಲ್ಲಿ ಕೊಲಂಬೋಗೆ ಕಳಿಸುತ್ತಿದ್ದರು. ಅಲ್ಲಿಂದ ಅದು ಗಾಳಿಯ ಮೇಲೆ ಮತ್ತೆ ನಮ್ಮ ಮನೆಗೆ ಬರುತ್ತಿತ್ತು.

ಹಾಗೆ ಧ್ವನಿಮುದ್ರಣ ನಡೆಯುತ್ತಿದ್ದ ಒಂದು ಜಾಗ ಝೇವಿಯರ್ಸ್ ಕಾಲೇಜಿಗೆ ಸೇರಿದ ತಾಂತ್ರಿಕ ಸಂಸ್ಥೆಯ ಸ್ಟುಡಿಯೋ. ಅಮೀನ್ ಬಿಡುವಾದಾಗ ಅಲ್ಲಿ ಹೋಗಿ ಪ್ರೇಕ್ಷಕರ ನಡುವೆ ಕೂರುತ್ತಿದ್ದರು. 'ಓವಲ್ಟಿನ್ ಫುಲ್ವಾರಿ' ಎಂಬ ಕಾರ್ಯಕ್ರಮ ನಡೆಸುತ್ತಿದ್ದವರು ಬಾಲಗೋವಿಂದ ಶ್ರೀವಾಸ್ತವ. ಒಂದು ದಿನ ಜಾಹೀರಾತು ಓದಬೇಕಾದವರು ಬರಲಿಲ್ಲ. ಬಾಲಗೋವಿಂದರು ಪ್ರೇಕ್ಷಕರ ಕಡೆ ತಿರುಗಿ ಯಾರಾದರೂ ಓದುತ್ತೀರಾ ಎಂದು ಕೇಳಿದರು. ನಮ್ಮ ಹುಡುಗ ಎದ್ದು ಹೋಗಿ ಚೀಟಿ ಹಿಡಿದು ಓದಿದ. ಓದಿದ ಎನ್ನುವುದಕ್ಕಿಂತ ಕೂಗಿದ ಎನ್ನಬೇಕು. ಬಾಲಗೋವಿಂದರು ಕಿವಿ ಮುಚ್ಚಿಕೊಂಡರಂತೆ! ಸ್ವಲ್ಪ ಮೆಲ್ಲಗೆ, ಹತ್ತಿರದವರ ಜತೆ ಮಾತಾಡುವಂತೆ ಓದಬೇಕೆಂದು ತಿದ್ದಿದರು. ತಿದ್ದಿ, ಆ ಕೆಲಸವನ್ನು ಅವನಿಗೇ ಕೊಟ್ಟರು. ಸಂಬಳ? ವಾರಕ್ಕೊಂದು ಪುಟ್ಟ ಡಬ್ಬಿ ಓವಲ್ಟಿನ್.

ನನಗೆ ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಧ್ವನಿಪರೀಕ್ಷೆಯಲ್ಲಿ ಹೇಳಿದ್ದೂ ತಪ್ಪು ತೋರಿಸುವ ಮಾತೇ, ಬಾಲಗೋವಿಂದರು ಹೇಳಿದ್ದೂ ತಪ್ಪು ತೋರಿಸುವ ಮಾತೇ. ಮೊದಲಿನದು ಬಾಗಿಲು ಹಾಕಿತು, ಎರಡನೆಯದು ಬಾಗಿಲು ತೆರೆಯಿತು. ಬಾಲಗೋವಿಂದರು ಸುಳ್ಳು ಹೊಗಳಲಿಲ್ಲ. ಕಿವಿ ಮುಚ್ಚಿಕೊಂಡರು, ಸರಿ. ಆದರೆ ಮುಂದಿನ ವಾರ ಬಾ ಎಂದರು. ಆ 'ಮುಂದಿನ ವಾರ ಬಾ' ಎನ್ನುವ ಮಾತು ಇಲ್ಲದಿದ್ದರೆ ತಿದ್ದುವುದು ಬರೀ ಅವಮಾನ ಮಾಡಿದಂತೆ. ಯುಗಾದಿಯ ದಿನ ನಾವು ಮುಂದಿನ ಸಾಲಿನವರು ಮಾಡಿದ್ದು ಅದನ್ನೇ.

ಇನ್ನು ಬಿನಾಕಾ ಗೀತಮಾಲಾ ಕಥೆ. ಆಗ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಟೂತ್‌ಪೇಸ್ಟಿನವರ ಇಂಗ್ಲಿಷ್ ಹಾಡುಗಳ ಕಾರ್ಯಕ್ರಮವೊಂದು ಬಹಳ ಜನಪ್ರಿಯವಾಗಿತ್ತು. ಹಿಂದಿಯಲ್ಲೂ ಅಂಥದೊಂದು ಬೇಕೆಂದು ಕಂಪನಿಯವರು ಬಯಸಿದರು. ಆದರೆ ಕೊಡುತ್ತಿದ್ದದ್ದು ವಾರಕ್ಕೆ 25 ರೂಪಾಯಿ. ಅಷ್ಟಕ್ಕೆ ಬರೆಯುವವರೂ ನೀವೇ, ನಿರ್ಮಿಸುವವರೂ ನೀವೇ, ಮಾತಾಡುವವರೂ ನೀವೇ, ಬಂದ ಪತ್ರ ಒಡೆದು ನೋಡುವವರೂ ನೀವೇ. ಅನುಭವಿಗಳು ಯಾರೂ ಒಪ್ಪಲಿಲ್ಲ. ಅದು ಓವಲ್ಟಿನ್ ಡಬ್ಬಿಯ ಹುಡುಗನ ಪಾಲಿಗೆ ಬಂತು. 1952ರ ಡಿಸೆಂಬರ್ 3, ಬುಧವಾರ, ಮೊದಲ ಪ್ರಸಾರ. ಅಮೀನರಿಗೆ ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ ಇತ್ತು.

ಕಾರ್ಯಕ್ರಮದ ರೂಪ ಈಗಿನವರು ತಿಳಿದಂತೆ ಶುರುವಿನಿಂದಲೇ ಮೆಟ್ಟಿಲ ಲೆಕ್ಕದ್ದಲ್ಲ. ಮೊದಲು ಅದೊಂದು ಸ್ಪರ್ಧೆ. ಅರ್ಧ ಗಂಟೆಯಲ್ಲಿ ಏಳು ಹಾಡುಗಳನ್ನು ಹಿಂದುಮುಂದಾಗಿ ಹಾಕುತ್ತಿದ್ದರು. ಕೇಳುಗರು ಅವನ್ನು ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಬರೆದು ಕಳಿಸಬೇಕು. ಸರಿಯಾಗಿ ಜೋಡಿಸಿದವರಿಗೆ 100 ರೂಪಾಯಿ ಬಹುಮಾನ. ಅಂದರೆ ನಿರೂಪಕನ ನಾಲ್ಕು ವಾರದ ಸಂಬಳ! ಇಂಜಿನಿಯರಿಂಗ್ ಓದಿದ ನನ್ನ ಮಗನನ್ನು ಕೇಳಿದೆ. ಏಳು ಹಾಡುಗಳನ್ನು 5,040 ರೀತಿಯಲ್ಲಿ ಜೋಡಿಸಬಹುದಂತೆ. ನಾನು ಇಂಗ್ಲಿಷ್ ಬಿ.ಎ., ಲೆಕ್ಕ ಅವನದು, ತಪ್ಪಿದ್ದರೆ ಅವನನ್ನೇ ಹಿಡಿಯಿರಿ. ಕುರುಡಾಗಿ ಬರೆದರೆ ಗೆಲ್ಲುವುದು ಕಷ್ಟವೇ. ಆದರೆ ಕಾರ್ಯಕ್ರಮದ ಮಜಾ ಇದ್ದದ್ದು ಗೆಲ್ಲುವುದರಲ್ಲಿ ಮಾತ್ರ ಅಲ್ಲ. ಅಲ್ಲಿಯವರೆಗೆ ರೇಡಿಯೋ ಹೇಳುತ್ತಿತ್ತು, ಜನ ಕೇಳುತ್ತಿದ್ದರು. ಈಗ ರೇಡಿಯೋ ಕೇಳಿತು, ನಿಮಗೆ ಯಾವುದು ಇಷ್ಟ ಎಂದು. ಹಳ್ಳಿಯ ಕಿರಾಣಿ ಅಂಗಡಿಯವನನ್ನು, ಕಾಲೇಜು ಹುಡುಗಿಯನ್ನು, ರಾತ್ರಿ ಪಾಳಿಯ ಕಾರ್ಮಿಕನನ್ನು ಅಲ್ಲಿಯವರೆಗೆ ಯಾರು ಹಾಗೆ ಕೇಳಿದ್ದರು?

ನಲವತ್ತು ಐವತ್ತು ಪತ್ರ ಬಂದರೆ ಹೆಚ್ಚು ಎಂದುಕೊಂಡಿದ್ದರಂತೆ. ಮೊದಲ ಕಾರ್ಯಕ್ರಮಕ್ಕೆ ಬಂದದ್ದು 9,000 ಪತ್ರ! ಒಂದೊಂದು ಪತ್ರ ಒಡೆದು ಓದಲು ಅರ್ಧ ನಿಮಿಷ ಹಿಡಿದರೂ ಎಪ್ಪತ್ತೈದು ಗಂಟೆಯ ಕೆಲಸ. ಹಬ್ಬದ ಹಿಂದಿನ ದಿನ ಕಾಯಿ ತುರಿದವರಿಗೆ ಮಾತ್ರ ಇದರ ಸಂಕಟ ಗೊತ್ತು. ಒಂದು ವರ್ಷ ತುಂಬುವಷ್ಟರಲ್ಲಿ ಅದು ವಾರಕ್ಕೆ 65,000 ಪತ್ರಗಳಾಯಿತು. ಮೊದಲು ವಾರಕ್ಕೆ ಬರುತ್ತಿದ್ದಷ್ಟು ಪತ್ರ ಈಗ ದಿನಕ್ಕೆ ಬಂದ ಹಾಗಾಯಿತು. ಕಡೆಗೆ ಸ್ಪರ್ಧೆಯನ್ನೇ ಕೈಬಿಟ್ಟು, ವಾರವಾರವೂ ಹಾಡುಗಳನ್ನು ಮೆಟ್ಟಿಲ ಮೇಲೆ ಏರಿಸಿ ಇಳಿಸುವ ರೂಪಕ್ಕೆ ತಿರುಗಿಸಬೇಕಾಯಿತು. ಆದರೂ ಕೇಳುಗರ ಕೈ ತಪ್ಪಲಿಲ್ಲ. ರೆಕಾರ್ಡುಗಳ ಮಾರಾಟದ ಜತೆಗೆ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವೂ ಲೆಕ್ಕಕ್ಕೆ ಬರುತ್ತಿತ್ತು. ಇಂದಿನ ಝಾರ್ಖಂಡದಲ್ಲಿರುವ, ಕಾಗೆಬಂಗಾರದ ಗಣಿಗಳಿಗೆ ಹೆಸರಾದ ಝುಮ್ರಿ ತಲೈಯಾ ಎಂಬ ಸಣ್ಣ ಊರು ಬರೀ ಹಾಡು ಕೇಳಿ ಬರೆದ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಪರಿಚಯವಾದದ್ದು ಆ ಕಾಲದ ರೇಡಿಯೋ ಮಹಿಮೆ.

ಈಗ ನನ್ನ ಅವ್ವನ ಮಾತಿಗೆ ಬರೋಣ. ಅರ್ಧಂಬರ್ಧ ಹಿಂದಿಯ ಅವಳಿಗೆ ಸಯಾನಿಯವರ ಮಾತು ಹೇಗೆ ತಿಳಿಯುತ್ತಿತ್ತು? ನನಗೆ ಅನ್ನಿಸುವುದು ಇಷ್ಟು. ಒಂದು ಕಡೆ 'ರಹಬರ್'. ನಿನ್ನೆ ಮೊನ್ನೆ ಅಕ್ಷರ ಕಲಿತವರಿಗೆ ಬರೆಯುವಾಗ ದೊಡ್ಡ ಶಬ್ದ ಬಳಸುವ ಹಾಗಿಲ್ಲ. ಇನ್ನೊಂದು ಕಡೆ ಆ ಪತ್ರಗಳ ರಾಶಿ. ವಾರಕ್ಕೆ ಸಾವಿರಾರು ಪತ್ರ ಒಡೆದು ಓದಿದವನಿಗೆ ತನ್ನ ಎದುರಿಗೆ ಯಾರು ಕೂತಿದ್ದಾರೆಂದು ಕಣ್ಣಿಗೆ ಕಟ್ಟಿರುತ್ತದೆ. ಅವರು ಬರೆಯುವ ತಪ್ಪುಗಳು, ಅವರ ಊರಿನ ಮಾತಿನ ವರಸೆ, ಅವರ ತಮಾಷೆ ಎಲ್ಲ ಗೊತ್ತಿರುತ್ತದೆ. ಅದಕ್ಕೇ ಅವರ ಹಿಂದಿ ಪಂಡಿತರ ಹಿಂದಿಯಾಗಲಿಲ್ಲ, ಕಾಗದ ಬರೆದವರ ಹಿಂದಿಯಾಯಿತು. ಎಲ್ಲರೂ ಭಾಯಿಯೋ ಔರ್ ಬೆಹನೋ ಎನ್ನುತ್ತಿದ್ದ ಕಾಲದಲ್ಲಿ ಇವರು ಅಕ್ಕತಂಗಿಯರನ್ನು ಮುಂದಿಟ್ಟು "ಬೆಹನೋ ಔರ್ ಭಾಯಿಯೋ" ಎಂದರು. ಬಾಗಿಲಿಗೆ ಒರಗಿ ನಿಂತ ನನ್ನ ಅವ್ವನನ್ನು ರೇಡಿಯೋ ಮೊದಲು ಮಾತಾಡಿಸಿತ್ತು!

ಮುಂದಿನದು ನಿಮಗೆ ಬೇಕಾದ ಕಡೆ ಸಿಗುತ್ತದೆ. ಗೀತಮಾಲಾ ರೇಡಿಯೋ ಸಿಲೋನಿನಿಂದ ವಿವಿಧ ಭಾರತಿಗೆ ಬಂದು, 1994ರವರೆಗೆ ನಡೆಯಿತು. ಪ್ರಾಯೋಜಕರ ಹೆಸರು ಬದಲಾಗಿ ಸಿಬಾಕಾ ಆದರೂ ನಾವು ಕೊನೆಯವರೆಗೂ ಬಿನಾಕಾ ಎಂದೇ ಕರೆದೆವು. 1975ರಲ್ಲಿ ಹಮೀದ್ ಸಯಾನಿ ತೀರಿಕೊಂಡಾಗ ಅವರು ನಡೆಸುತ್ತಿದ್ದ ಬೋರ್ನ್‌ವಿಟಾ ಕ್ವಿಝ್ ಕಾರ್ಯಕ್ರಮವನ್ನೂ ತಮ್ಮನೇ ಎತ್ತಿಕೊಂಡರು. 2009ರಲ್ಲಿ ಪದ್ಮಶ್ರೀ ಬಂತು. ಆದರೆ ನನಗೆ ಈ ದೊಡ್ಡ ಹೆಸರಿನ ಸಯಾನಿಗಿಂತ ಓವಲ್ಟಿನ್ ಡಬ್ಬಿ ಹಿಡಿದು ಧೋಬಿ ತಲಾವಿನ ರಸ್ತೆಯಲ್ಲಿ ಮನೆಗೆ ಹೊರಟ ಹುಡುಗನೇ ಹತ್ತಿರ.

ನಿಮ್ಮಲ್ಲಿ ಒಬ್ಬರಾದರೂ ಈಗ ಕೇಳುತ್ತೀರಿ: ಆಂಟಿ, ಅವರಿಗೆ ಅಣ್ಣ ರೇಡಿಯೋದಲ್ಲಿದ್ದರು, ತಾಯಿಗೆ ಗಾಂಧೀಜಿಯ ಪರಿಚಯವಿತ್ತು, ನಮಗೇನಿದೆ? ನಿಜ, ಅದು ಅವರ ಅದೃಷ್ಟ. ದಾರಿ ತೋರುವ ಅಣ್ಣ ಎಲ್ಲರಿಗೂ ಇರುವುದಿಲ್ಲ. ಆದರೆ ಊರು ಬಿಟ್ಟು ಬಂದವರು ಸಂಘ ಕಟ್ಟಿಕೊಳ್ಳುವುದು ಏತಕ್ಕೆ? ಮನೆಯಲ್ಲಿ ಅಣ್ಣ ಇಲ್ಲದವರಿಗೆ ಸಂಘವೇ ಅಣ್ಣನಾಗಬೇಕು. ವರ್ಷಕ್ಕೊಮ್ಮೆ ಹೋಳಿಗೆ ಊಟಕ್ಕೆ ಸೇರುವುದಕ್ಕಾದರೆ ಸಂಘವೇ ಬೇಡ, ಒಳ್ಳೆಯ ಖಾನಾವಳಿ ಸಾಕು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಮದುವೆಯಾಗಿ ಈ ಊರಿಗೆ ಬಂದಾಗ ಇಂಗ್ಲಿಷ್ ಸಾಹಿತ್ಯ ಓದಿದ ಜಂಬ ನನಗೆ. ಹಿಂದಿ ಮಾತ್ರ ರೇಡಿಯೋದಿಂದ ಕೇಳಿದಷ್ಟು. ಮೊದಲ ವಾರವೇ ಪಕ್ಕದ ಮನೆಯ ಮರಾಠಿ ವಹಿನಿಗೆ "ಮೇರಾ ಸಾಸ್ ಆಯಾ ಹೈ" ಎಂದೆ. ಕನ್ನಡದವರಿಗೆ ಹಿಂದಿಯ ಗಂಡು ಹೆಣ್ಣು ಹೊಂದುವುದು ಕಷ್ಟ. ನನ್ನ ಅತ್ತೆಯನ್ನು ಗಂಡಸು ಮಾಡಿಬಿಟ್ಟಿದ್ದೆ! ಆಕೆ ನಕ್ಕರು. ಆದರೆ ನಕ್ಕು ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಕರೆದು ಚಹಾ ಕೊಟ್ಟು "ಮೇರೀ ಸಾಸ್ ಆಯೀ ಹೈ" ಎಂದು ಮೂರು ಸಲ ಹೇಳಿಸಿ ಕಳಿಸಿದರು. ಮಾರನೆಯ ದಿನವೂ ಕರೆದರು. ಇಂದು ಭಾಜಿವಾಲಿಯ ಜತೆ ಜಗಳವಾಡುವಷ್ಟು ಹಿಂದಿ, ಮರಾಠಿ ನನಗೆ ಬಂದಿದ್ದರೆ ಅದು ಆ ಚಹಾದ ಪುಣ್ಯ. ಇಷ್ಟು ಉಪಕಾರ ಪಡೆದವಳು ನಾನು ಯುಗಾದಿಯ ದಿನ ಅದನ್ನು ಹೇಗೆ ಮರೆತೆ?

ಹೋದ ಭಾನುವಾರ ಆ ಹುಡುಗಿಯ ಮನೆಗೆ ಹೋಗಿದ್ದೆ. ಕ್ಷಮೆ ಕೇಳಿದೆ. ಅವಳು ಮೊದಲು ಮುಖ ಕೊಟ್ಟು ಮಾತಾಡಲಿಲ್ಲ, ಮೊಬೈಲ್ ಹಿಡಿದು ಕೂತಿದ್ದಳು. ಓವಲ್ಟಿನ್ ಡಬ್ಬಿಯ ಕಥೆ ಹೇಳಿದೆ. ಕಿವಿ ಮುಚ್ಚಿಕೊಂಡ ಕಡೆ ಸ್ವಲ್ಪ ನಕ್ಕಳು. "ಆಮೇಲೂ ಅವ್ರು ವಾಪಸ್ ಹೋದ್ರಾ ಆಂಟಿ? ನಾಚಿಕೆ ಆಗ್ಲಿಲ್ವಾ?" ಎಂದು ಕೇಳಿದಳು. ಆಗಿರಬಹುದು, ಆದರೂ ಹೋದರು ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ವಾರ್ಷಿಕೋತ್ಸವಕ್ಕೆ ಬರ್ತೀನಿ. ಆದ್ರೆ ನೀವು ಫಸ್ಟ್ ರೋನಲ್ಲಿ ಕೂಡ್ಬಾರ್ದು."

ಶಿಕ್ಷೆ ನ್ಯಾಯವಾದದ್ದೇ. ಒಪ್ಪಿಕೊಂಡು ಬಂದಿದ್ದೇನೆ. ವಾರದಲ್ಲಿ ಎರಡು ಸಂಜೆ ಅವಳು ನಮ್ಮ ಮನೆಗೆ ಬರುತ್ತಾಳೆ. ಅವಳು ನನಗೆ ಮೊಬೈಲಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿಸುತ್ತಾಳೆ, ನಾನು ಅವಳಿಗೆ ಳ ಮತ್ತು ಲ ಕಲಿಸುತ್ತೇನೆ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ಮುಟ್ಟಿಸಿದರೆ ಳ ತಾನಾಗಿ ಬರುತ್ತದೆ, ನೀವೂ ಮಾಡಿ ನೋಡಿ. ಇನ್ನೊಂದು ಮಾತು. ಶಬ್ದಕೋಶ ತೆಗೆದು ನೋಡಿದರೆ ಕಲೆ ಎಂದರೆ ಬಟ್ಟೆಯ ಮೇಲಿನ ಕಲೆ ಮಾತ್ರವಲ್ಲ, ಹಾಡು ಕುಣಿತದ ಕಲೆಯೂ ಹೌದು. ಅತಿಥಿಗಳು ಕಾರ್ಯಕ್ರಮಕ್ಕೆ ಕಲೆ ತಂದರು ಎಂದರೆ ಅಷ್ಟೊಂದು ನಗುವಂಥದ್ದೇನಿತ್ತು?

ಈಗ ನಿಮ್ಮ ಸರದಿ. ಕನ್ನಡ ಮಾತಾಡುವಾಗ ನೀವು ಮಾಡಿದ, ನಿಮಗೇ ನಗು ಬಂದ ಒಂದು ತಪ್ಪನ್ನು ಬರೆದು ಕಳಿಸಿ. ಕನ್ನಡ ಲಿಪಿಯಲ್ಲಾದರೆ ಸಂತೋಷ, ಇಂಗ್ಲಿಷ್ ಲಿಪಿಯಲ್ಲಾದರೂ ತೆಗೆದುಕೊಳ್ಳುತ್ತೇನೆ. ಎಲ್ಲ ಪತ್ರಗಳನ್ನೂ ನಾನೇ ಒಡೆದು ಓದುತ್ತೇನೆ. 9,000 ಬರುವ ಭಯ ನನಗಿಲ್ಲ, ಹೋದ ತಿಂಗಳ ಅಂಕಣಕ್ಕೆ ಬಂದದ್ದು ನಾಲ್ಕೇ, ಅದರಲ್ಲಿ ಒಂದು ನನ್ನ ಅಣ್ಣನದು. ಒಳ್ಳೆಯ ಪತ್ರ ಬರೆದವರಿಗೆ ಒಂದು ಡಬ್ಬಿ ಬಹುಮಾನ. ಓವಲ್ಟಿನ್ ಅಲ್ಲ, ನಾನೇ ಮಾಡಿದ ಚಕ್ಕುಲಿ. ಬಹುಮಾನ ತೆಗೆದುಕೊಳ್ಳಲು ಮಾತ್ರ ವೇದಿಕೆಗೆ ಬರಬೇಕು, ಮೈಕಿನ ಮುಂದೆ ನಿಂತು ಎರಡು ಮಾತು ಕನ್ನಡದಲ್ಲಿ ಹೇಳಬೇಕು.

ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿರುತ್ತೇನೆ.

ನಿಮ್ಮ ಪ್ರೀತಿಯ
ಆಂಟಿ